ಎರಡನೇ ಪಾಲು ಮೊದಲು

ಆ ಪುಸ್ತಕ ಎಲ್ಲಿ ಸಿಕ್ಕಿತು ಎಂಬುದನ್ನೇ ನಾನು ಖಚಿತವಾಗಿ ಹೇಳಲಾರೆ. ಅಕ್ಕನ ಮನೆಯ ಅಟ್ಟದ ಮೇಲೆ, ತಗಡಿನ ಟ್ರಂಕಿನಲ್ಲಿ, ಹಳೆಯ ಸೀರೆಗಳ ಕೆಳಗೆ ಎಂದು ನನ್ನ ನೆನಪು. ಭಾವ ಹಾಗಲ್ಲ ಎನ್ನುತ್ತಾರೆ. ಅವರ ಪ್ರಕಾರ ಅದು ಅಡುಗೆಮನೆಯಲ್ಲೇ, ರಾಗಿ ಹಿಟ್ಟಿನ ಡಬ್ಬದ ಹಿಂದೆ ಇತ್ತು. ಎಳೆದು ತೆಗೆದವರು ಅವರು, ನಾನು ಬರೀ ಟಾರ್ಚು ಹಿಡಿದಿದ್ದೆ. ನಾನು ಇತಿಹಾಸ ಓದಿದವನು. ದಾಖಲೆ ಎಲ್ಲಿ ಸಿಕ್ಕಿತು ಎಂದು ಬರೆದಿಡದವನ ಮಾತನ್ನು ನಂಬಬೇಡ ಎಂದು ವಿಶ್ವವಿದ್ಯಾಲಯದ ಮೊದಲ ವರ್ಷವೇ ನಮಗೆ ಹೇಳಿಕೊಟ್ಟಿದ್ದರು. ಆ ದಿನ ನಾನು ಏನನ್ನೂ ಬರೆದಿಡಲಿಲ್ಲ. ಅಕ್ಕ ಊಟ ಬಿಟ್ಟು ಎಷ್ಟು ದಿನವಾಯಿತು ಎಂಬುದೊಂದು ಬಿಟ್ಟರೆ ತಲೆಯಲ್ಲಿ ಬೇರೇನೂ ಇರಲಿಲ್ಲ.

ಅಕ್ಕನಿಗೆ ಗಂಟಲಿನಲ್ಲಿ ಗಡ್ಡೆಯಾಗಿತ್ತು. ಬೆಂಗಳೂರಿನಲ್ಲಿ ವಾರಗಟ್ಟಲೆ ಕರೆಂಟು ಕೊಟ್ಟರು. ರೇಡಿಯೇಷನ್ನಿಗೆ ನಮ್ಮ ಕಡೆ ಹಾಗೇ ಅನ್ನುವುದು. ಅದು ಮುಗಿದು ಬಂಗಾರಪೇಟೆಗೆ ವಾಪಸು ಬರುವ ಹೊತ್ತಿಗೆ ಗಂಟಲು ಒಳಗೆಲ್ಲ ಬೆಂದುಹೋಗಿತ್ತು. ಒಂದು ಗುಟುಕು ನೀರು ಇಳಿಸುವಾಗಲೂ ಎರಡೂ ಕೈಯಲ್ಲಿ ಮಂಚದ ಕಂಬಿ ಹಿಡಿದುಕೊಳ್ಳುತ್ತಿದ್ದಳು. ನಾಲಿಗೆಗೆ ರುಚಿ ಹೋಗಿತ್ತು. ಉಪ್ಪೂ ಒಂದೇ, ಸಕ್ಕರೆಯೂ ಒಂದೇ. ಸ್ಟೇಷನ್ನಿನ ಹತ್ತಿರದ ಒಂದು ಸಣ್ಣ ಆಸ್ಪತ್ರೆಗೆ ಸೇರಿಸಿ ಡ್ರಿಪ್ ಹಾಕಿಸಿದ್ದೆವು. ಬುಧವಾರ ಡಾಕ್ಟರು ನನ್ನನ್ನೂ ಭಾವನನ್ನೂ ಹೊರಗೆ ಕರೆದು, ಬಾಯಿಂದ ಏನೂ ಹೋಗುತ್ತಿಲ್ಲ, ಸೋಮವಾರದವರೆಗೆ ನೋಡೋಣ, ಆಮೇಲೆ ಮೂಗಿನಿಂದ ಹೊಟ್ಟೆಗೆ ಟ್ಯೂಬು ಇಳಿಸಬೇಕಾಗುತ್ತದೆ ಎಂದರು. ಅಷ್ಟರೊಳಗೆ ಏನಾದರೂ ಸ್ವಲ್ಪ ನುಣ್ಣಗಿರುವುದು, ಗಂಟಿಲ್ಲದ್ದು, ಚಮಚದಲ್ಲಿ ಇಳಿದರೆ ಒಳ್ಳೆಯದು ಎಂದರು.

ಬಾಗಿಲು ತೆರೆದೇ ಇತ್ತು. ಒಳಗೆ ಹೋದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಮೂವತ್ತು ವರ್ಷ ಅಂಗನವಾಡಿಯಲ್ಲಿ ಮಕ್ಕಳನ್ನು ಗದರಿಸಿದ ದನಿ ಈಗ ಕಾಗದ ಹರಿದ ಸದ್ದಿನಷ್ಟಾಗಿತ್ತು.

"ಮೂಗುದಾರ ಆಕ್ತಾರಂತಾ ನಂಗೆ?"

"ಮೂಗುದಾರ ಅಲ್ಲಕ್ಕಾ, ಟ್ಯೂಬು. ಸಣ್ಣದು. ಗೊತ್ತೇ ಆಗಲ್ಲ."

"ಎತ್ತಿಗೂ ಅಂಗೇ ಏಳಿರ್ತಾರೆ ಕಣ್ಲಾ."

ಭಾವ ನಗಲು ಹೋಗಿ ಕಿಟಕಿಯ ಕಡೆ ತಿರುಗಿಕೊಂಡರು. ಅವಳು ಟ್ಯೂಬಿಗೆ ಹೆದರಿದ್ದು ನೋವಿಗಾಗಿ ಅಲ್ಲ. ಟ್ಯೂಬು ಹಾಕಿದ ಮೇಲೆ ನುಂಗುವುದನ್ನು ತಾನೇ ಬಿಟ್ಟುಬಿಡುತ್ತೇನೆ, ಬಿಟ್ಟರೆ ಮತ್ತೆ ಹಿಡಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಅವಳು ಅಂದಳು:

"ತಾತನ ಗಂಜಿ ಮಾಡ್ಕೊಡು. ಅದು ಇಳೀತದೆ."

"ಅದನ್ನ ಎಂಗಕ್ಕಾ ಮಾಡೋದು?"

"ನಂಗೇನು ಗೊತ್ತು? ಜ್ವರ ಬಂದು ಮಲಗಿರೋಳು ಒಲೆ ಮುಂದೆ ಕೂತಿರ್ತಾಳಾ? ಪುಸ್ತಕ ಬರ್ದಿಟ್ಟಿದ್ನಲ್ಲ. ಉಡುಕು. ಅಷ್ಟು ಓದಿದ್ದೀಯ, ಒಂದು ಪುಸ್ತಕ ಉಡುಕಕ್ಕಾಗಲ್ವಾ?"

ಅಮ್ಮ ತೀರಿಕೊಂಡ ಮೇಲೆ ನಾವಿಬ್ಬರೂ ಊರಿಗಾಂನಲ್ಲಿ, ಗಣಿ ಕೆಲಸದವರಿಗೆ ಸಾಲಾಗಿ ಕಟ್ಟಿದ್ದ ಲೈನ್ ಮನೆಗಳ ಪೈಕಿ ತಾತನ ಮನೆಯಲ್ಲಿ ಬೆಳೆದೆವು. ತಾತ ಅಮ್ಮನ ಅಪ್ಪ. ಕ್ಯಾಸಂಬಳ್ಳಿ ಕಡೆಯ ಹಳ್ಳಿಯಿಂದ ಬಂದು ಚಿನ್ನದ ಗಣಿಗೆ ಇಳಿದವನು. ಅಜ್ಜಿಯೂ ಇರಲಿಲ್ಲವಾದ್ದರಿಂದ ಅಡುಗೆ ಅವನದೇ. ಪಾಳಿ ಮುಗಿಸಿ ಬಂದು, ಮೈ ತೊಳೆದು, ಕೂತು ಈರುಳ್ಳಿ ಹೆಚ್ಚುತ್ತಿದ್ದ. ಎದೆ ಕಟ್ಟಿ ಕೆಲಸ ಬಿಡಬೇಕಾಗಿ ಬಂದಾಗ ಅಕ್ಕನಿಗೆ ಹದಿನಾಲ್ಕೋ ಹದಿನೈದೋ. ತನ್ನ ನಂತರ ಈ ಹುಡುಗಿ ಒಲೆಯ ಮುಂದೆ ಕಕ್ಕಾಬಿಕ್ಕಿಯಾಗಬಾರದು ಎಂದು ತನಗೆ ಬರುವ ಅಡುಗೆಯನ್ನೆಲ್ಲ ಬರೆದಿಟ್ಟ. ಅವನು ಹೊಸ್ತಿಲ ಮೇಲೆ ಕೂತು ಪೆನ್ಸಿಲನ್ನು ನಾಲಿಗೆಗೆ ಒತ್ತಿ ಬರೆಯುತ್ತಿದ್ದದ್ದು, ಪಕ್ಕದಲ್ಲಿ ನಾನು ಕಾಗುಣಿತ ತಿದ್ದುತ್ತಿದ್ದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಅಕ್ಕನ ಪ್ರಕಾರ ಅದು ಪೂರಾ ಸುಳ್ಳು. "ನೀನು ಗೋಲಿ ಆಡ್ತಿದ್ದೆ," ಎನ್ನುತ್ತಿದ್ದಳು. ಪುಸ್ತಕ ಸಿಕ್ಕಿದ ಮೇಲೆ ನೋಡಿದರೆ ಅವಳ ಮಾತೇ ನಿಜವಿರಬೇಕು. ಕಾಗುಣಿತವನ್ನು ಯಾರೂ ತಿದ್ದಿದ ಗುರುತು ಇರಲಿಲ್ಲ.

ಉದ್ದನೆಯ, ಕಂದು ರಟ್ಟಿನ ನೋಟುಬುಕ್ಕು. ಮೂಲೆಗಳನ್ನು ಇಲಿ ತಿಂದಿತ್ತು. ತಾತ ನಾಲ್ಕನೇ ಕ್ಲಾಸಿನವರೆಗೆ ಓದಿದವನು, ಮಾತಿನಲ್ಲಿ ಹಕಾರ ಇಲ್ಲದವನು. ಹುಳಿಗೆ 'ಉಳಿ', ಹುರಿದುಗೆ 'ಉರಿದು', ಹಿಡಿಗೆ 'ಇಡಿ'. ಪಾಯಸದ ಪುಟದಲ್ಲಿ ಹಾಲು 'ಆಲು' ಆಗಿತ್ತು. ಆದರೆ ನಡುನಡುವೆ ಅವನಿಗೆ ಮೇಷ್ಟರ ನೆನಪಾಗಿರಬೇಕು, ಇಲ್ಲದ ಕಡೆಯೂ ಹಕಾರ ಹಾಕಿದ್ದಾನೆ. ಗಂಜಿಯ ಪುಟ ಶುರುವಾಗುವುದೇ 'ಹಕ್ಕಿ ನುಚ್ಚು ಒಂದು ಪಾವು' ಎಂದು.

ಗುರುವಾರ ಬೆಳಿಗ್ಗೆ ಅದನ್ನು ಅಕ್ಕನಿಗೆ ಓದಿ ತೋರಿಸಿದೆ. ಅವಳ ಭುಜ ಕುಲುಕಿತು. ಸದ್ದೇ ಇಲ್ಲದ ನಗು.

"ಪಾಪ, ಯಾವ ಹಕ್ಕೀನ್ಲಾ ನುಚ್ಚು ಮಾಡ್ದ ನಮ್ ತಾತ?"

ಪುಟ ಇಷ್ಟೇ: 'ಗಂಜಿ. ಹಕ್ಕಿ ನುಚ್ಚು ಒಂದು ಪಾವು. ಎಸ್ರುಬೇಳೆ ಒಂದು ಇಡಿ. ಬೆಳ್ಳುಳ್ಳಿ ಒಂದು ಗೆಡ್ಡೆ. ಮೆಂತ್ಯ ಚಿಟಿಕೆ. ಕಾಯಿ ಒಂದು. ಎರಡನೇ ಪಾಲು ಮೊದಲು. ಮೊದಲನೇ ಪಾಲು ಕಡೇಗೆ. ಆಮೇಲೆ ಕುದಿಸಬಾರದು.'

ಕೊನೆಯ ಸಾಲುಗಳಲ್ಲಿ ನಾನು ಸಿಕ್ಕಿಬಿದ್ದೆ. ಎರಡನೇ ಪಾಲು ಮೊದಲು ಹಾಕಿದರೆ ಅದು ಮೊದಲನೇ ಪಾಲೇ ಆಯಿತಲ್ಲ? ಮೊದಲನೆಯದನ್ನು ಕಡೆಗೆ ಹಾಕಿದರೆ ಅದನ್ನು ಮೊದಲನೆಯದೆಂದು ಯಾಕೆ ಕರೆಯಬೇಕು? ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಹತ್ತಾರು ಸಲ ಓದಿದೆ. ಕೊನೆಗೆ ನನಗೆ ನಾನೇ ಒಪ್ಪಿಸಿಕೊಂಡ ವಿವರಣೆ ಇದು: ಬರೆಯುವ ಹೊತ್ತಿಗೆ ತಾತನಿಗೆ ಉಸಿರು ಸರಿ ಆಡುತ್ತಿರಲಿಲ್ಲ, ತಲೆಗೆ ಗಾಳಿ ಸಾಲದೆ ಗೊಂದಲವಾಗಿತ್ತು; ಕಾಯಿಯನ್ನು ಎರಡು ಭಾಗ ಮಾಡಿ ಒಂದನ್ನು ಮೊದಲು, ಇನ್ನೊಂದನ್ನು ಕಡೆಗೆ ಹಾಕಬೇಕು ಎಂದಷ್ಟೇ ಅರ್ಥ. ಹಸ್ತಪ್ರತಿಯ ತಪ್ಪನ್ನು ಊಹೆಯಿಂದ ಸರಿಪಡಿಸಿದೆ ಎಂಬ ಸಣ್ಣ ಹೆಮ್ಮೆಯೂ ಆಯಿತು. ಆ ಹೆಮ್ಮೆ ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

ಅಕ್ಕನ ಅಡುಗೆಮನೆಯಲ್ಲಿ ಒಂದು ಕಾಯಿ ತುರಿದು, ಮಿಕ್ಸಿಯಲ್ಲಿ ಆದಷ್ಟು ನುಣ್ಣಗೆ ರುಬ್ಬಿ, ಎರಡು ಸಮ ಭಾಗ ಮಾಡಿದೆ. ನುಚ್ಚು ಬೇಯುವಾಗ ಒಂದು ಭಾಗ ಹಾಕಿದೆ. ಇಳಿಸಿದ ಮೇಲೆ ಇನ್ನೊಂದನ್ನು ಹಸಿಯಾಗಿಯೇ ಕಲಸಿದೆ. ಕುದಿಸಬಾರದು ಎಂದು ಬರೆದಿತ್ತಲ್ಲ. ಕರಿಮೆಣಸಿನ ಪುಡಿಯನ್ನೂ ಚೂರು ಉದುರಿಸಿದೆ, ಯಾಕೆಂದರೆ ತಾತನ ಗಂಜಿಯಲ್ಲಿ ಮೆಣಸಿನ ಘಾಟು ಇತ್ತು ಎಂದು ನನ್ನ ನಾಲಿಗೆ ಹೇಳುತ್ತಿತ್ತು.

"ಪುಸ್ತಕದಾಗೆ ಮೆಣಸು ಬರ್ದವ್ನಾ?" ಎಂದು ಭಾವ ಕೇಳಿದರು.

"ಇಲ್ಲ. ನಂಗೆ ನೆನಪಿದೆ."

ಮೊದಲ ಚಮಚ ಒಳಗೆ ಹೋಗಿ ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಕಾಯಿಯ ತರಿ ಗಂಟಲಿನ ಗಾಯಕ್ಕೆ ಅಂಟಿಕೊಂಡಿತು. ಕೆಮ್ಮು ಶುರುವಾಯಿತು. ಕೆಮ್ಮಿದರೆ ನೋವು, ನೋವಿಗೆ ಉಸಿರು ಎಳೆದರೆ ಮೆಣಸು ಒಳಕ್ಕೆ, ಮತ್ತೆ ಕೆಮ್ಮು. ಮುಖ ಕಪ್ಪಿಟ್ಟಿತು. ನರ್ಸು ಓಡಿ ಬಂದು ಅವಳನ್ನು ಮುಂದಕ್ಕೆ ಬಗ್ಗಿಸಿ ಬೆನ್ನು ತಟ್ಟಿದಳು. ಟವೆಲ್ಲಿನ ಮೇಲೆ ಗಂಜಿಯ ಜೊತೆ ರಕ್ತದ ಎಳೆ ಬಂತು. ನಾನು ಬಟ್ಟಲು ಹಿಡಿದುಕೊಂಡು ಗೋಡೆಯ ಪಕ್ಕ ನಿಂತಿದ್ದೆ. ಅದನ್ನು ಎಲ್ಲಾದರೂ ಇಡಬೇಕು ಎಂದೂ ತೋಚಲಿಲ್ಲ.

ಕೆಮ್ಮು ನಿಂತ ಮೇಲೆ ಅವಳು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದಳು. ನನ್ನನ್ನು ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಚೆನ್ನಾಗಿತ್ತು.

"ಇದು ತಾತಂದಲ್ಲ," ಎಂದಳು. "ತಾತಂದು ಬೆಳ್ಳಗಿತ್ತು. ಮೆಣಸು ಇರ್ನಿಲ್ಲ."

"ಅಳದಿಯಾಗಿತ್ತಲ್ಲಕ್ಕಾ?"

"ಅದು ನಿಂಗೆ ಕಾಮಾಲೆ ಆದಾಗ. ಆವಾಗ ನಿಂಗೆ ಎಲ್ಲಾ ಅಳದೀನೇ ಕಾಣ್ತಿತ್ತು."

ನನಗೆ ಕಾಮಾಲೆಯಾಗಿತ್ತು ಎಂಬುದೇ ನನಗೆ ನೆನಪಿರಲಿಲ್ಲ. ಹಾಗಾದರೆ ನನ್ನ ತಲೆಯಲ್ಲಿರುವ ತಾತ ಯಾರು, ನಾನು ಐವತ್ತು ವರ್ಷದಿಂದ ಜೋಪಾನ ಮಾಡಿಕೊಂಡು ಬಂದದ್ದು ಏನನ್ನು ಎಂದು ಗಾಬರಿಯಾಯಿತು. ಅವಳು ಬೆರಳಾಡಿಸಿ ನನ್ನನ್ನು ಹತ್ತಿರ ಕರೆದಳು.

"ಊರಿಗಾಂನಾಗೆ ಪಕ್ಕದ ಮನೆಯೋಳು ಇನ್ನೂ ಅಲ್ಲೇ ಅವ್ಳೆ. ಓಗಿ ಕೇಳು. ಅವ್ರಮ್ಮನೂ ತಾತನೂ ಅಡಿಗೆ ಕೊಟ್ಟು ತಗೊಂಡು ಮಾಡೋರು."

ಶುಕ್ರವಾರ ಬೆಳಗಿನ ಗಾಡಿಗೆ ಬಂಗಾರಪೇಟೆಯಲ್ಲಿ ಹತ್ತಿದೆ. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಿದ್ದೆ. ಅಕ್ಕನ ಮಾತಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಒಂದು ಪಾತ್ರೆ ಗಂಜಿ ಯಾವ ಗಾಯವನ್ನೂ ಮಾಯಿಸುವುದಿಲ್ಲ, ಅವಳು ಕೇಳುತ್ತಿರುವುದು ಗಂಜಿಯನ್ನಲ್ಲ, ಹನ್ನೆರಡು ವರ್ಷದ ತನ್ನ ಗಂಟಲನ್ನು ಎಂದು ತೀರ್ಮಾನಿಸಿದ್ದೆ. ಆದರೂ ಹೋಗುತ್ತಿದ್ದೆ. ಸೋಮವಾರಕ್ಕೆ ಮಧ್ಯೆ ಎರಡೇ ದಿನ ಇತ್ತು, ನನ್ನ ಹತ್ತಿರ ಬೇರೆ ಉಪಾಯ ಇರಲಿಲ್ಲ. ಕೋಲಾರ, ಮುಳಬಾಗಿಲು, ಚಿಂತಾಮಣಿ ಎಂದು ಕಾಲೇಜಿನಿಂದ ಕಾಲೇಜಿಗೆ ಅಲೆದು, ಎಲ್ಲಿಯೂ ನಿಲ್ಲದೆ, ಯಾವುದಕ್ಕೂ ಪುರಾವೆ ಕೇಳುತ್ತಾ ವಯಸ್ಸು ಕಳೆದವನು ಈಗ ಒಂದು ಹಳೆಯ ನೋಟುಬುಕ್ಕನ್ನು ಮಗುವಿನಂತೆ ಹಿಡಿದುಕೊಂಡು ಕೂತಿದ್ದೆ.

ಲೈನ್ ಮನೆಗಳಲ್ಲಿ ಅರ್ಧಕ್ಕೆ ಬೀಗ. ನಮ್ಮ ಮನೆಗೆ ಯಾರೋ ನೀಲಿ ಬಣ್ಣ ಬಳಿದು ಮುಂದೆ ಶೀಟು ಇಳಿಸಿದ್ದರು. ಪಕ್ಕದ ಮನೆಯಾಕೆ ಬಾಗಿಲಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದರು. ಅಕ್ಕನ ವಯಸ್ಸಿನವರೇ. ಚಿಕ್ಕಂದಿನಲ್ಲಿ ಇಬ್ಬರೂ ಒಂದೇ ಕೊಳಾಯಿಯ ಮುಂದೆ ಕೊಡ ಇಟ್ಟು ಜಗಳವಾಡಿದವರು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು.

"ಅಯ್ಯೋ ತಂಬಿ! ನೀನಾ? ಇಷ್ಟು ತಲೆ ನರೆತೋಗಿದೆ, ನಾನು ಕರೆಂಟ್ ಬಿಲ್ಲೋನು ಅಂದ್ಕೊಂಡೆ."

ಅಕ್ಕನ ವಿಷಯ ಹೇಳಿದೆ. ಸೊಪ್ಪಿನ ಮೇಲೆ ಕೈ ಹಾಗೇ ನಿಂತಿತು. ಒಳಗೆ ಹೋಗಿ ನೀರು ತಂದುಕೊಟ್ಟು, ಪುಸ್ತಕ ತೆಗೆ ಎಂದು ಸನ್ನೆ ಮಾಡಿದರು. ಕನ್ನಡ ಓದಲು ಬರದು ಎಂದದ್ದಕ್ಕೆ ನಾನೇ ಓದಿದೆ. 'ಎರಡನೇ ಪಾಲು ಮೊದಲು, ಮೊದಲನೇ ಪಾಲು ಕಡೇಗೆ' ಎಂಬಲ್ಲಿಗೆ ಬಂದು, "ಇಲ್ಲಿ ತಾತ ಏನೋ ತಪ್ಪು ಬರೆದಿದ್ದಾನೆ," ಎಂದೆ.

"ಏನು ತಪ್ಪು? ಸರಿಯಾಗೇ ಇದೆಯಲ್ಲ."

"ಯಾವ ಪಾಲು ಅಕ್ಕಾ? ಎಷ್ಟು ಪಾಲು?"

ಆಕೆ ನನ್ನ ಮುಖವನ್ನೇ ನೋಡಿದರು. ನಾನು ತಮಾಷೆ ಮಾಡುತ್ತಿದ್ದೇನೆ ಎಂದುಕೊಂಡಿರಬೇಕು.

"ಪಾಲು ತಂಬಿ, ಪಾಲು! ತೇಂಗಾಯ್ ಪಾಲು! ತೆಂಗಿನಕಾಯಿ ಆಲು! ಇಷ್ಟೆಲ್ಲಾ ಓದಿ ಪಾಲು ತೆರಿಯಾದಾ ನಿಂಗೆ? ನಮ್ ಮನೇಲಿ ದಿನಾ ಬಂದು ಉಂಡೋನು!"

ಹಸುವಿನ ಹಾಲಿಗೆ ತಾತ ತನ್ನ ಊರಿನ 'ಆಲು' ಬರೆದಿದ್ದ. ತೆಂಗಿನ ಹಾಲನ್ನು ಅವನು ಕಂಡದ್ದೇ ಈ ಮನೆಯಲ್ಲಿ, ಈಕೆಯ ತಾಯಿಯ ಕೈಯಲ್ಲಿ. ಹಾಗಾಗಿ ಅದಕ್ಕೆ ಆ ತಾಯಿಯ ತಮಿಳು ಮಾತನ್ನೇ ಇಟ್ಟುಕೊಂಡಿದ್ದ. ಕನ್ನಡದ ಅಕ್ಷರದಲ್ಲಿ ಬರೆದದ್ದೆಲ್ಲ ಕನ್ನಡವೇ ಎಂದುಕೊಂಡವನು ನಾನು. ಅದೂ ಸಾಲದೆ, ಹಳಗನ್ನಡದಲ್ಲಿ ಹಾಲಿಗೆ ಪಾಲ್ ಎನ್ನುತ್ತಿದ್ದರು ಎಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಬಂದವನು. ನಿನ್ನೆಯ ಟವೆಲ್ಲು ಕಣ್ಣ ಮುಂದೆ ಬಂತು. ತಾತನ ತಲೆಗೆ ಗಾಳಿ ಸಾಲದಾಗಿತ್ತು ಎಂದುಕೊಂಡು, ಪುಸ್ತಕ ಬರೆದವನಿಗೇ ತಪ್ಪು ಹೊರಿಸಿ, ನನ್ನ ತಿದ್ದುಪಡಿಯನ್ನು ಅಕ್ಕನ ಗಾಯದೊಳಕ್ಕೆ ಸುರಿದಿದ್ದೆ.

"ಅಳಬೇಡ," ಎಂದರು ಆಕೆ. ನಾನು ಅಳುತ್ತಿದ್ದೆನೇ ಎಂಬುದು ನನಗೆ ಗೊತ್ತಿಲ್ಲ. "ಬಾ, ಒಳಗೆ ಬಾ. ಕೈ ತೊಳ್ಕೋ. ನೋಡಿದ್ರೆ ಬರಲ್ಲ, ಮಾಡಿದ್ರೇ ಬರೋದು."

ಒಂದು ಕಾಯಿ ಒಡೆದು ತುರಿಸಿದರು. ರುಬ್ಬಿದ ಕಾಯಿಗೆ ಒಂದು ಲೋಟ ಬೆಚ್ಚಗಿನ ನೀರು ಹಾಕಿಸಿ, ತೆಳು ಬಟ್ಟೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. ಹಿಂಡಿದೆ. ಗಟ್ಟಿಯಾದ, ಬಿಳಿಯ ಹಾಲು ಬಟ್ಟಲಿಗೆ ಇಳಿಯಿತು.

"ಇದು ಮೊದಲ್ನೇ ಪಾಲು. ಪಕ್ಕಕ್ಕಿಡು. ಈಗ ಅದೇ ಚರಟಕ್ಕೆ ಇನ್ನೊಂದು ಸಲ ನೀರಾಕಿ ಇಂಡು. ನೀರು ನೀರಾಗಿ ಬರ್ತದೆ ನೋಡು, ಅದು ಎರಡ್ನೇದು. ಈ ತೆಳ್ಳಗಿರೋದ್ರಲ್ಲಿ ನುಚ್ಚು ಬೇಯ್ಸು. ಬೆಂದು ಕರಗಿದ ಮೇಲೆ ಜರಡೀಲಿ ಸೋಸು. ಆಮೇಲೆ ಗಟ್ಟಿ ಪಾಲು ಉಯ್ದು ಕೆಳಗಿಳ್ಸು. ಕುದಿಸ್ದೆ ಅಂದ್ರೆ ಒಡೆದೋಗ್ತದೆ."

"ಮೆಣಸು?"

"ಜ್ವರದೋರಿಗೆ ಯಾರಾದ್ರೂ ಮೆಣಸು ಆಕ್ತಾರಾ, ಪೈತ್ಯಕಾರ!"

ಎರಡು ಕಾಯಿ ಹಿಂಡಿಸಿದ ಮೇಲೇ ಆಕೆ ನನ್ನನ್ನು ಬಿಟ್ಟದ್ದು. ಮಾಡಿದ್ದನ್ನು ತೆಗೆದುಕೊಂಡು ಹೋಗುತ್ತೇನೆ ಎಂದರೆ ಬಿಸಿಲಿಗೆ ಹುಳಿಯಾಗುತ್ತದೆ, ಅಲ್ಲೇ ಹೊಸದಾಗಿ ಮಾಡು ಎಂದರು. ಬಾಗಿಲವರೆಗೆ ಬಂದು, "ಅವಳಿಗೆ ಏಳು, ಕೊಳಾಯಿ ಈಗ ನಂದೇ ಅಂತ," ಎಂದು ತಿರುಗಿ ಒಳಗೆ ಹೋದರು.

ಶನಿವಾರ ಬೆಳಿಗ್ಗೆ ನಾನು ಒಬ್ಬನೇ ಒಲೆಯ ಮುಂದೆ ನಿಂತೆ. ನನ್ನ ನೆನಪಿನಿಂದ ಏನನ್ನೂ ಹಾಕಲಿಲ್ಲ. ಜರಡಿಯಲ್ಲಿ ಎರಡು ಸಲ ಸೋಸಿದೆ, ಬೆರಳುಗಳ ಮಧ್ಯೆ ತಿಕ್ಕಿ ತರಿ ಇದೆಯೇ ನೋಡಿದೆ. ಬಣ್ಣ ಬಿಳಿ. ಅದನ್ನು ನೋಡಿ ನನಗೆ ಏನೂ ನೆನಪಾಗಲಿಲ್ಲ. ಇದೇ ತಾತನ ಗಂಜಿ ಎಂದು ಹೇಳುವ ಯಾವ ಸಾಕ್ಷಿಯೂ ನನ್ನೊಳಗೆ ಇರಲಿಲ್ಲ.

ಡಾಕ್ಟರಿಗೆ ತೋರಿಸಿದೆ. ಅವರು ಚಮಚದಲ್ಲಿ ಎತ್ತಿ ಸುರಿದು ನೋಡಿ, ಕೂರಿಸಿ ಕೊಡಿ, ಅರ್ಧ ಅರ್ಧ ಚಮಚ, ಕೆಮ್ಮಿದರೆ ನಿಲ್ಲಿಸಿ ಎಂದರು. ಅಕ್ಕ ಬಟ್ಟಲನ್ನು ನೋಡಿ, ನನ್ನನ್ನು ನೋಡಿದಳು. ಹೆದರಿದ್ದಳು. ಹೆದರಿಕೆಯನ್ನು ನನ್ನಿಂದ ಮುಚ್ಚಿಡಲು ಈ ಸಲ ಅವಳಿಂದ ಆಗಲಿಲ್ಲ. ಕಂಬಿಯನ್ನು ಹಿಡಿದುಕೊಂಡು ಬಾಯಿ ತೆರೆದಳು.

ಅರ್ಧ ಚಮಚ. ಬಾಯಲ್ಲೇ ಇಟ್ಟುಕೊಂಡಳು. ಗಂಟಲು ಒಮ್ಮೆ ಮೇಲೆದ್ದು ನಿಂತಿತು, ಆಮೇಲೆ ಇಳಿಯಿತು. ನಾವು ಕೆಮ್ಮಿಗೆ ಕಾದೆವು. ಬರಲಿಲ್ಲ. ಇನ್ನೊಂದು ಅರ್ಧ. ಮೂರನೆಯದು ಇಳಿದಾಗ ಅವಳ ತುಟಿ ಅಲ್ಲಾಡಿತು.

"ಉಪ್ಪು ಕಮ್ಮಿ ಕಣ್ಲಾ."

ತಿಂಗಳಿನಿಂದ ಉಪ್ಪು ಗೊತ್ತಾಗದಿದ್ದವಳು. ನಿಜವಾಗಿ ರುಚಿ ತಿಳಿಯಿತೋ, ಸುಮ್ಮನೆ ನನ್ನನ್ನು ಕೆಣಕಿದಳೋ ನಾನು ಹೇಳಲಾರೆ. ಅವಳು ಹಾಗೆ ಅಂದಳೇ ಎಂಬುದರ ಬಗ್ಗೆಯೂ ಕೆಲವು ದಿನ ನನಗೆ ಅನುಮಾನವಿರುತ್ತದೆ. ಚಮಚವನ್ನು ಭಾವನ ಕೈಗೆ ಕೊಟ್ಟು ನಾನು ವರಾಂಡಕ್ಕೆ ಹೋಗಿಬಿಟ್ಟೆ. ಮುಂದಿನ ಚಮಚಕ್ಕೆ ಕೆಮ್ಮು ಬಂದರೆ ಅದನ್ನು ನೋಡುವ ಶಕ್ತಿ ಇರಲಿಲ್ಲ. ಹೇಡಿತನ ಎಂದರೆ ಅದೇ ಇರಬೇಕು. ಅರ್ಧ ಗಂಟೆಯೋ ಮುಕ್ಕಾಲು ಗಂಟೆಯೋ ಬಿಟ್ಟು ಒಳಗೆ ಬಂದಾಗ ಬಟ್ಟಲು ಖಾಲಿಯಾಗಿತ್ತು. ಅಕ್ಕ ಮಲಗಿದ್ದಳು. ಭಾವ, "ಪೂರ್ತಿ ಕುಡುದ್ಲು," ಎಂದರು.

ಭಾನುವಾರ ಅವಳಿಗೆ ಜ್ವರ ಏರಿತು. ಮತ್ತೆ ಗಂಜಿ ಮಾಡಿ ತಂದೆ, ಎರಡು ಚಮಚದ ಮೇಲೆ ಬೇಡವೆಂದು ತಲೆಯಾಡಿಸಿದಳು. ಸೋಮವಾರ ಟ್ಯೂಬು ಹಾಕಿದರು. ಅವಳು ಜಗಳವಾಡಲಿಲ್ಲ. ಮೂಗುದಾರದ ಮಾತನ್ನೂ ಎತ್ತಲಿಲ್ಲ. ಆಮೇಲೆ ಅವಳು ಬಾಯಿಂದ ಏನನ್ನೂ ತೆಗೆದುಕೊಳ್ಳಲಿಲ್ಲ. ಟ್ಯೂಬು ಹಾಕಿದ ಇಪ್ಪತ್ತೆರಡನೆಯ ದಿನ ಮಧ್ಯಾಹ್ನ, ಭಾವ ಔಷಧಿ ತರಲು ಹೋಗಿದ್ದಾಗ, ನನ್ನ ಎದುರಿಗೇ ಹೋದಳು.

ತಿಂಗಳು ಕಳೆದ ಮೇಲೆ ಆ ಖಾಲಿ ಬಟ್ಟಲು ನನ್ನನ್ನು ಹಿಡಿದುಕೊಂಡಿತು. ಭಾವ ಒಳ್ಳೆಯವರು. ನನ್ನ ಸಮಾಧಾನಕ್ಕಾಗಿ ಆ ಗಂಜಿಯನ್ನು ಸಿಂಕಿಗೆ ಚೆಲ್ಲಿ, ಕುಡಿದಳು ಎಂದು ಹೇಳಬಲ್ಲವರು. ಕೇಳಿದರೆ ಮತ್ತೆ ಅದನ್ನೇ ಹೇಳುತ್ತಾರೆ. ನನ್ನ ತಲೆಯಂತೂ ನಂಬಿಕೆಗೆ ಯೋಗ್ಯವಲ್ಲ. ಮೂರು ಅರ್ಧ ಚಮಚ ಮಾತ್ರ ನಾನು ಕಂಡದ್ದು. ಉಳಿದದ್ದು ಅವಳೊಳಗೆ ಹೋಯಿತೋ ಇಲ್ಲವೋ ತಿಳಿಯದೆ ಇರಲು ಆಗಲಿಲ್ಲ.

ಒಂದು ದಿನ ಭಾವನಿಗೆ ಹೇಳದೆ ಆ ಆಸ್ಪತ್ರೆಗೆ ಹೋದೆ. ರೋಗಿಯ ತಮ್ಮ ಎಂದು ಅರ್ಜಿ ಬರೆದುಕೊಟ್ಟೆ. ಯಾಕೆ ಎಂಬ ಕಡೆ ಏನು ಬರೆಯುವುದೆಂದು ತಿಳಿಯದೆ ಖಾಲಿ ಬಿಟ್ಟೆ. ರೆಕಾರ್ಡ್ ಇಡುವ ಹೆಂಗಸು ಫೈಲು ಹುಡುಕಿ ತಂದು, ಇಲ್ಲೇ ಕೂತು ನೋಡಿ, ಫೋಟೋ ತೆಗೆಯಬೇಡಿ ಎಂದು ಪಕ್ಕದ ಕುರ್ಚಿ ತೋರಿಸಿದರು. ದಿನಕ್ಕೊಂದು ಹಾಳೆ. ರೋಗಿಯ ದೇಹಕ್ಕೆ ಏನು ಹೋಯಿತು, ಏನು ಬಂತು ಎಂದು ನರ್ಸುಗಳು ಗಂಟೆ ಗಂಟೆಗೆ ತುಂಬುವ ಹಾಳೆ. ಶನಿವಾರದ ಹಾಳೆಯಲ್ಲಿ ಹನ್ನೊಂದೂವರೆ ಗಂಟೆಯ ಎದುರಿಗೆ, ಬಾಯಿಂದ ಎಂಬ ಕಾಲಂನಲ್ಲಿ ನೀಲಿ ಇಂಕಿನಲ್ಲಿ ಹೀಗಿತ್ತು: ಗಂಜಿ, ಒಂದು ಬಟ್ಟಲು ಪೂರ್ತಿ, ನೂರೈವತ್ತು ಎಂ.ಎಲ್., ಕೊನೆಯ ಭಾಗ ನರ್ಸ್ ಕುಡಿಸಿದ್ದು. ವಾಂತಿಯ ಕಾಲಂನಲ್ಲಿ ಇಲ್ಲ ಎಂಬ ಅಡ್ಡಗೆರೆ, ಕೆಳಗೆ ಸಹಿ.